ಹಾಲು ಬಿಡಿಸುವ ಹೊತ್ತಿನಲ್ಲಿ ಕರುಗಳ ಒಡನಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಂಸದ ತಳಿಯ ದನಗಳನ್ನು ಸಾಕುವವರೊಡನೆ ನಡೆದ ಮಾತುಕತೆಗಳಲ್ಲಿ ಮತ್ತು ಅವರು ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಡೇರಿಗಳಲ್ಲಿ ಕರುವನ್ನು ಹುಟ್ಟಿದ ಒಂದೆರಡು ದಿನಗಳಲ್ಲೇ ತಾಯಿಯಿಂದ ಬೇರ್ಪಡಿಸುವ ಪದ್ಧತಿ ಬೇರೆಯೇ ವಿಷಯ. ಇಲ್ಲಿರುವುದೆಲ್ಲ ತಾಯಿಯ ಜೊತೆಯಲ್ಲೇ ಮೇಯುತ್ತ ಹಲವು ತಿಂಗಳು ಕಳೆದ ಕರುಗಳ ಕುರಿತದ್ದು.

## ಮೊದಲಿಗೆ ಬರುವ ಪ್ರಶ್ನೆಗಳು

ಹಾಲು ಬಿಡಿಸುವುದು ಎಂದರೆ ಹಾಲು ನಿಲ್ಲಿಸುವುದು ತಾನೆ? ಅದರಲ್ಲಿ ಸಂಬಂಧದ ಮಾತು ಏಕೆ ಬರುತ್ತದೆ?

ಹೆಸರಿನಲ್ಲಿ ಹಾಲು ಮಾತ್ರ ಇದೆ, ನಿಜ. ಆದರೆ ಸಾಮಾನ್ಯವಾಗಿ ನಡೆಯುವುದನ್ನು ಗಮನಿಸಿ: ಒಂದು ಬೆಳಿಗ್ಗೆ ಹಿಂಡನ್ನು ದೊಡ್ಡಿಗೆ ಕೂಡಿ, ಹಸುಗಳನ್ನು ಒಂದು ಬಾಗಿಲಿನಿಂದಲೂ ಕರುಗಳನ್ನು ಇನ್ನೊಂದರಿಂದಲೂ ಹೊರಗೆ ಕಳಿಸಲಾಗುತ್ತದೆ. ಆ ಕ್ಷಣದಲ್ಲಿ ಕರುವಿಗೆ ಹಾಲು ತಪ್ಪುತ್ತದೆ, ತಾಯಿ ಕಾಣೆಯಾಗುತ್ತಾಳೆ, ಬಹುತೇಕ ಮೇವಿನ ಜಾಗವೂ ಬದಲಾಗುತ್ತದೆ, ಕೆಲವೊಮ್ಮೆ ಜೊತೆಗಾರರೂ ಬದಲಾಗುತ್ತಾರೆ. ತಾನಾಗಿ ನಡೆಯುವ ಹಿಂಡಿನಲ್ಲಿ ತಿಂಗಳುಗಳ ಅಂತರದಲ್ಲಿ ಒಂದೊಂದಾಗಿ ಬರುವ ಬದಲಾವಣೆಗಳು ಇಲ್ಲಿ ಒಂದೇ ಗಂಟೆಯಲ್ಲಿ ಮೈಮೇಲೆ ಬೀಳುತ್ತವೆ. ಏಳು ತಿಂಗಳ ಕರು ಹೊಟ್ಟೆಗೆ ಹೆಚ್ಚಾಗಿ ಹುಲ್ಲನ್ನೇ ನೆಚ್ಚಿಕೊಂಡಿರುತ್ತದೆ. ಮೆಲುಕುಚೀಲ ಚೆನ್ನಾಗಿ ಬೆಳೆದಿರುತ್ತದೆ, ಹಾಲು ಆಹಾರದ ಒಂದು ಪಾಲು ಮಾತ್ರ. ಹಾಗಾಗಿ ಆ ದಿನಗಳ ಗದ್ದಲವನ್ನು ಹಾಲಿನ ಲೆಕ್ಕದಲ್ಲಿ ಮಾತ್ರ ವಿವರಿಸಲು ಹೊರಟರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

ನಾವು ಕೈಹಾಕದಿದ್ದರೆ ಹಸು ಎಷ್ಟು ತಿಂಗಳಿಗೆ ತಾನಾಗಿ ಹಾಲು ಬಿಡಿಸುತ್ತದೆ?

ಕೀನ್ಯಾದಲ್ಲಿ ಝೀಬೂ (ಭುಜದ ಮೇಲೆ ಡುಬ್ಬವಿರುವ ದನ) ಹಿಂಡೊಂದನ್ನು ದೀರ್ಘಕಾಲ ಗಮನಿಸಿದ ವಿಕ್ಟರ್ ಮತ್ತು ಆನಿ ರೈನ್‌ಹಾರ್ಟ್ ದಂಪತಿಗಳು 1981ರಲ್ಲಿ ಪ್ರಕಟಿಸಿದ ವರದಿಯಂತೆ, ಹೆಣ್ಣುಗರುಗಳು ಸರಾಸರಿ 9 ತಿಂಗಳ ಆಸುಪಾಸಿನಲ್ಲಿಯೂ ಗಂಡುಗರುಗಳು 11 ತಿಂಗಳ ಆಸುಪಾಸಿನಲ್ಲಿಯೂ ಹಾಲು ಬಿಟ್ಟವು. ಸಾಕಣೆಯಲ್ಲಿ ಸಾಮಾನ್ಯವಾಗಿ 6ರಿಂದ 8 ತಿಂಗಳಿಗೇ ಬಿಡಿಸುತ್ತಾರೆ. ಕರುಗಳ ತೂಕವನ್ನು ಹೋಲಿಸಲು ಅಮೆರಿಕದಲ್ಲಿ ಬಳಸುವ 205 ದಿನಗಳ ಅಳತೆಯೂ ಇದೇ ಅವಧಿಯದು. ದಿನಗಳ ವ್ಯತ್ಯಾಸಕ್ಕಿಂತ ರೀತಿಯ ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ತಾಯಿ ತಾನಾಗಿ ಬಿಡಿಸುವಾಗ ಕರು ಬಾಯಿ ಹಾಕಿದಂತೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತಾಳೆ, ಕಾಲೆತ್ತುತ್ತಾಳೆ, ತಲೆಯಿಂದ ಮೆಲ್ಲಗೆ ತಳ್ಳುತ್ತಾಳೆ. ಮೊಲೆ ಸಿಗದಿದ್ದರೂ ಅವಳು ಸಿಗುತ್ತಾಳೆ. ಅಂದು ಸಂಜೆಯೂ ಆ ಕರು ಅವಳ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿರುತ್ತದೆ.

ಅಷ್ಟು ಎಳೆಯ ಕರುವಿಗೆ ತಾಯಿಯನ್ನು ಬಿಟ್ಟು ಬೇರೆ ಗೆಳೆಯರು ಎಂದು ಇರುತ್ತಾರೆಯೇ?

ಇರುತ್ತಾರೆ, ಅದೂ ನಾವು ಊಹಿಸುವುದಕ್ಕಿಂತ ಬೇಗ. ಹುಟ್ಟಿದ ಮೊದಲ ಕೆಲವು ದಿನ ಕರು ಹುಲ್ಲಿನ ಮರೆಯಲ್ಲಿ ಅಲುಗದೆ ಮಲಗಿರುತ್ತದೆ, ತಾಯಿ ದೂರ ಮೇಯ್ದು ಬಂದು ಹಾಲೂಡಿಸಿ ಹೋಗುತ್ತಾಳೆ. ಆ ಅವಧಿ ಕಳೆಯುತ್ತಿದ್ದಂತೆ ಅದೇ ವಯಸ್ಸಿನ ಇತರ ಕರುಗಳ ಗುಂಪಿಗೆ ಸೇರಿಕೊಳ್ಳುತ್ತದೆ. ಮುಂದಿನ ತಿಂಗಳುಗಳಲ್ಲಿ ಹಾಲು ಕುಡಿಯುವ ಸರದಿಗಳು ಕಡಿಮೆಯಾಗುತ್ತ ದಿನಕ್ಕೆ ನಾಲ್ಕೈದಕ್ಕೆ ಇಳಿದಂತೆ, ಕರುವಿನ ದಿನದ ಬಹುಪಾಲು ಸಮವಯಸ್ಕರ ಜೊತೆಯಲ್ಲೇ ಕಳೆಯತೊಡಗುತ್ತದೆ: ಬಾಲವೆತ್ತಿ ಓಡುವುದು, ಹಣೆಗೆ ಹಣೆ ಕೊಟ್ಟು ತಳ್ಳಾಡುವುದು, ಒಂದರ ಮೇಲೊಂದು ಹತ್ತುವುದು, ಬಿಸಿಲೇರಿದಾಗ ಒಂದೇ ಕಡೆ ಮೈಚೆಲ್ಲುವುದು. ಹುಟ್ಟಿನಲ್ಲಿ ಒಂದೆರಡು ವಾರದೊಳಗಿನ ಅಂತರವಿರುವ ಕರುಗಳೇ ಹೆಚ್ಚಾಗಿ ಜೊತೆಯಾಗುತ್ತವೆ. ಅವಳಿಗಳಂತೂ ಹಾಲು ಬಿಟ್ಟ ಮೇಲೂ ಒಂದನ್ನೊಂದು ಅಷ್ಟು ಸುಲಭವಾಗಿ ಅಗಲುವುದಿಲ್ಲ. ಅಂದರೆ ತಾಯಿಯಿಂದ ಬೇರೆಯಾಗುವ ದಿನ ಬರುವಷ್ಟರಲ್ಲಿ ಕರುವಿಗೆ ತನ್ನದೇ ಆದ ಒಂದು ಪುಟ್ಟ ಬಳಗ ಆಗಲೇ ಕಟ್ಟಿಕೊಂಡಿರುತ್ತದೆ.

ಹತ್ತು ಹದಿನೈದು ಕರುಗಳ ಬಳಿ ಒಂದೇ ಹಸು ನಿಂತಿರುತ್ತದೆ, ಉಳಿದ ತಾಯಂದಿರು ಎಲ್ಲೋ ಮೇಯುತ್ತಿರುತ್ತಾರೆ. ಇದು ಸರಿಯೇ?

ಸಹಜವೇ. ಕಾವಲು ಹಸು ಒಂದೇ ಆಗಿರಬೇಕೆಂದೂ ಇಲ್ಲ, ದಿನದಲ್ಲಿ ಬದಲಾಗುತ್ತಿರುತ್ತದೆ. ಅಪರಿಚಿತ ನಾಯಿ ಹತ್ತಿರ ಬಂದಾಗ ಅವಳ ಒಂದು ಕೂಗಿಗೆ ಉಳಿದ ತಾಯಂದಿರು ಓಡಿಬರುವ ವೇಗ ನೋಡಿದವರಿಗೆ ಚಿಂತೆಯಿರುವುದಿಲ್ಲ.

ಅಷ್ಟು ಕರುಗಳ ನಡುವೆ ತನ್ನದೇ ಕರುವನ್ನು ಹಸು ಗುರುತಿಸುವುದು ಹೇಗೆ?

ಮೊದಲು ಮೂಗಿನಿಂದ, ಬಳಿಕ ಕಿವಿಯಿಂದ, ಕಣ್ಣಿನಿಂದ. ಈದ ತಕ್ಷಣ ಕರುವನ್ನು ನೆಕ್ಕುವ ಹೊತ್ತಿನಲ್ಲೇ ಬಂಧ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಕೇವಲ 5 ನಿಮಿಷದ ಸಂಪರ್ಕವೂ ಅದಕ್ಕೆ ಸಾಕಾಗುತ್ತದೆ ಎಂಬುದನ್ನು 1970ರ ದಶಕದಲ್ಲೇ ತೋರಿಸಲಾಗಿದೆ. ಧ್ವನಿಯ ವಿಷಯದಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಮಾಡಿದ ಧ್ವನಿಮುದ್ರಣಗಳು ಬಹಳ ಸ್ವಾರಸ್ಯಕರವಾಗಿವೆ. ಕರು ಹತ್ತಿರವಿದ್ದಾಗ ತಾಯಿ ಬಾಯಿ ಮುಚ್ಚಿಕೊಂಡೇ ಗಂಟಲಿನಲ್ಲಿ ಸುಮಾರು 81 ಹರ್ಟ್ಸ್‌ನ ತಗ್ಗು ದನಿ ಹೊರಡಿಸುತ್ತಾಳೆ. ಕರು ಕಣ್ಣಿಗೆ ಬೀಳದಿದ್ದಾಗಿನ ಕೂಗು ಸುಮಾರು 153 ಹರ್ಟ್ಸ್‌ಗೆ ಏರುತ್ತದೆ. ಪ್ರತಿ ಹಸುವಿನ, ಪ್ರತಿ ಕರುವಿನ ಕೂಗೂ ಬೇರೆ ಬೇರೆ. ಕರುವಿನ ಕೂಗಿನಲ್ಲಿ ಅದರ ವಯಸ್ಸಿನ ಸುಳಿವೂ ಇರುತ್ತದೆ, ಗಂಡೋ ಹೆಣ್ಣೋ ಎಂಬುದು ಮಾತ್ರ ತಿಳಿಯುವುದಿಲ್ಲ. ದೊಡ್ಡಿಯಲ್ಲಿ ನಮಗೆ ಒಂದೇ ಅಬ್ಬರವಾಗಿ ಕೇಳುವ ಸದ್ದು, ಅವುಗಳ ಕಿವಿಗೆ ಹೆಸರು ಹಿಡಿದು ಕರೆದಂತೆಯೇ.

## ಬೇರ್ಪಡಿಸಿದ ದಿನಗಳ ಕುರಿತು

ಎರಡು ಮೂರು ದಿನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತವೆ. ಇದು ಹಸಿವೋ, ತಾಯಿ ಕಾಣದ ಸಂಕಟವೋ?

ಈ ಪ್ರಶ್ನೆಗೆ ಉತ್ತರ ಹೇಳುವುದು ಬಹಳ ಕಾಲ ಕಷ್ಟವಾಗಿತ್ತು, ಏಕೆಂದರೆ ಹಾಲೂ ತಾಯಿಯೂ ಒಟ್ಟಿಗೇ ಹೋಗುತ್ತಿದ್ದವು. ಕೆನಡಾದ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಹೇಲಿ, ಜೋಸೆಫ್ ಸ್ಟೂಕಿ ಮತ್ತು ಅವರ ಸಂಗಡಿಗರು ಇವೆರಡನ್ನೂ ಬಿಡಿಸಿ ನೋಡಿದರು. ಕರುಗಳ ಮೂಗಿಗೆ ಪ್ಲಾಸ್ಟಿಕ್ ತಟ್ಟೆ ಸಿಕ್ಕಿಸಿ, ತಾಯಿಯ ಪಕ್ಕದಲ್ಲೇ ಇದ್ದರೂ ಹಾಲು ಕುಡಿಯಲಾಗದಂತೆ ಮಾಡಿದರು. ಕೆಲವು ದಿನಗಳ ಬಳಿಕ ತಟ್ಟೆ ತೆಗೆದು ತಾಯಿಯಿಂದ ಬೇರ್ಪಡಿಸಿದರು. ಹಾಲು ತಪ್ಪಿದ ದಿನಗಳಲ್ಲಿ ಕರುಗಳು ಹೆಚ್ಚೇನೂ ಕೂಗಲಿಲ್ಲ. ಆಮೇಲೆ ಬೇರ್ಪಡಿಸಿದಾಗಲೂ, ಒಂದೇ ಏಟಿಗೆ ಹಾಲು ಬಿಡಿಸಿದ ಕರುಗಳಿಗೆ ಹೋಲಿಸಿದರೆ ಕೂಗು ಸುಮಾರು ಶೇ. 97ರಷ್ಟೂ ಅಲೆದಾಟ ಸುಮಾರು ಶೇ. 79ರಷ್ಟೂ ಕಡಿಮೆಯಿತ್ತೆಂದು 2005ರಲ್ಲಿ ಪ್ರಕಟವಾದ ಆ ವರದಿ ಹೇಳುತ್ತದೆ. ಹಾಲೊಂದೇ ತಪ್ಪಿದರೆ ಕರು ಸಹಿಸಿಕೊಳ್ಳುತ್ತದೆ. ಹಾಲಿಗೆ ಒಗ್ಗಿದ ಬಾಯಿ ಇರುವಾಗಲೇ ತಾಯಿಯೂ ಮಾಯವಾದರೆ ಅದಕ್ಕೆ ತಡೆದುಕೊಳ್ಳಲಾಗುವುದಿಲ್ಲ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಎರಡೂ ಒಂದೇ ದಿನ ನಡೆದಾಗ ಕೂಗು ಮೊದಲ 48 ಗಂಟೆಗಳಲ್ಲಿ ತುತ್ತತುದಿಗೇರಿ, ನಾಲ್ಕನೆಯ ದಿನದ ಹೊತ್ತಿಗೆ ಬಹುಮಟ್ಟಿಗೆ ಇಳಿಯುತ್ತದೆ.

ಮೂಗಿನ ತಟ್ಟೆ, ಬೇಲಿಯಾಚೆ ಇರಿಸುವುದು, ದೂರ ಸಾಗಿಸುವುದು: ಯಾವುದನ್ನು ಮಾಡಲಿ?

ದೂರ ಸಾಗಿಸುವುದನ್ನು ಕೊನೆಗಿಡಿ. "ಕಣ್ಣಿಗೆ ಕಾಣದಿದ್ದರೆ ಬೇಗ ಮರೆಯುತ್ತವೆ" ಎಂಬ ಮಾತು ಎಷ್ಟೇ ಹಳೆಯದಾದರೂ ಕರುಗಳ ನಡವಳಿಕೆ ಅದನ್ನು ಒಪ್ಪುವುದಿಲ್ಲ.

ಬೇಲಿಯ ಕ್ರಮದಲ್ಲಿ ಹಸುಗಳೂ ಕರುಗಳೂ ಅಕ್ಕಪಕ್ಕದ ಹುಲ್ಲುಗಾವಲಿನಲ್ಲಿ ಒಂದು ವಾರವಿರುತ್ತವೆ. ಒಂದನ್ನೊಂದು ನೋಡಬಹುದು, ಮೂಸಬಹುದು, ಮೊಲೆ ಮಾತ್ರ ಸಿಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಎಡ್ವರ್ಡ್ ಪ್ರೈಸ್ ಮತ್ತು ಸಂಗಡಿಗರು ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕರುಗಳು ಕಡಿಮೆ ಕೂಗಿ ಹೆಚ್ಚು ಮೇಯ್ದವು. ಪೂರ್ತಿಯಾಗಿ ಬೇರ್ಪಡಿಸಿದ ಕರುಗಳು ಮೊದಲ ದಿನಗಳಲ್ಲಿ ತೂಕದಲ್ಲಿ ಹಿಂದೆ ಬಿದ್ದದ್ದನ್ನು 10 ವಾರಗಳ ನಂತರವೂ ತುಂಬಿಕೊಂಡಿರಲಿಲ್ಲ. ಬೇಲಿ ಗಟ್ಟಿಯಾಗಿರಬೇಕು, ಕರುವಿನ ತಲೆ ತೂರುವಷ್ಟು ಸಂದಿ ಇರಬಾರದು. ಸಂದಿ ಸಿಕ್ಕರೆ ಹಾಲು ಕುಡಿಯುವ ಉಪಾಯವನ್ನು ಒಂದು ಕರು ಕಂಡುಹಿಡಿಯುತ್ತದೆ, ಮರುದಿನ ಇನ್ನೆರಡು ಕಲಿಯುತ್ತವೆ.

ಮೂಗಿನ ತಟ್ಟೆಯನ್ನು ಸಾಮಾನ್ಯವಾಗಿ 4ರಿಂದ 7 ದಿನ ಇಡುತ್ತಾರೆ. ಅದಕ್ಕಿಂತ ಹೆಚ್ಚು ದಿನ ಬಿಟ್ಟರೆ ಮೂಗಿನ ಒಳಗೋಡೆ ಹುಣ್ಣಾಗುವ ಸಂಭವ ಹೆಚ್ಚು. ತಟ್ಟೆ ಹಾಕಿದ ಮೊದಲ ಗಂಟೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕರು ಎಂದಿನಂತೆ ಕೆಚ್ಚಲಿನತ್ತ ಕತ್ತು ಚಾಚುತ್ತದೆ, ತಟ್ಟೆ ತೊಟ್ಟನ್ನು ಪಕ್ಕಕ್ಕೆ ಸರಿಸುತ್ತದೆ, ಕತ್ತು ಓರೆ ಮಾಡಿ ನಾಲಿಗೆಯನ್ನು ತಟ್ಟೆಯ ಬದಿಯಿಂದ ಚಾಚಿ ಮತ್ತೆ ಯತ್ನಿಸುತ್ತದೆ. ನಾಲ್ಕೈದು ಬಾರಿ ಸೋತ ಮೇಲೆ ಸುಮ್ಮನೆ ತಾಯಿಯ ಪಕ್ಕೆಗೆ ಕೆನ್ನೆಯೊತ್ತಿ ನಿಲ್ಲುತ್ತದೆ. ತಟ್ಟೆ ಹಾಕಲು ಒಮ್ಮೆ, ತೆಗೆಯಲು ಒಮ್ಮೆ ಕರುಗಳನ್ನು ಹಿಡಿಯಬೇಕಾಗುತ್ತದೆ. ನೂರಾರು ಕರುಗಳಿದ್ದು ಆಳುಗಳು ಕಡಿಮೆಯಿದ್ದರೆ ಬೇಲಿಯೇ ಅನುಕೂಲ.

ತಾಯಿ ಹೋದ ಮೇಲೆ ಕರುಗಳು ಒಂದಕ್ಕೊಂದು ಹತ್ತಿರವಾಗುತ್ತವೆಯೋ, ಜಗಳಕ್ಕೆ ಬೀಳುತ್ತವೆಯೋ?

ಪರಿಚಿತ ಗುಂಪಾಗಿದ್ದರೆ ಹತ್ತಿರವಾಗುತ್ತವೆ. ಫ್ರಾನ್ಸಿನಲ್ಲಿ ಸಾಲೇರ್ಸ್ ತಳಿಯ ಹೆಣ್ಣುಗರುಗಳನ್ನು 1980ರ ದಶಕದ ಕೊನೆಯಲ್ಲಿ ಗಮನಿಸಿದವರು ಕಂಡಂತೆ, ಹಾಲು ಬಿಡಿಸಿದ ಮೇಲೆ ಕರುಗಳ ನಡುವಿನ ಅಂತರ ತಗ್ಗುತ್ತದೆ, ಮೇಯುವುದು ಮಲಗುವುದು ಹೆಚ್ಚು ಒಟ್ಟೊಟ್ಟಿಗೆ ನಡೆಯುತ್ತದೆ. ಅದುವರೆಗೆ ಪ್ರತಿ ಕರುವಿನ ದಿನಚರಿಗೆ ತಾಯಿಯೇ ಗಡಿಯಾರವಾಗಿದ್ದಳು. ಈಗ ಆ ಕೆಲಸವನ್ನು ಗುಂಪು ವಹಿಸಿಕೊಳ್ಳುತ್ತದೆ. ಮೊದಲೆರಡು ದಿನಗಳಲ್ಲಿ ಮಾತ್ರ ಚಿತ್ರ ಬೇರೆ: ಎಲ್ಲವೂ ಬೇಲಿಯ ಉದ್ದಕ್ಕೂ ಓಡಾಡುತ್ತಿರುವುದರಿಂದ ಡಿಕ್ಕಿ, ತಳ್ಳಾಟ ಹೆಚ್ಚಾಗಿ ಕಾಣುತ್ತದೆ. ಅದು ಹಗೆತನದ ಜಗಳವಲ್ಲ, ನೆಮ್ಮದಿಗೆಟ್ಟ ಜನಸಂದಣಿಯಲ್ಲಿ ಭುಜಕ್ಕೆ ಭುಜ ತಾಗಿದಂತೆ ಅಷ್ಟೇ.

ಕೂಗು ನಿಂತಿತು ಎಂದರೆ ಎಲ್ಲ ಸರಿಯಾಯಿತು ಎಂದು ತಿಳಿಯಬಹುದೇ?

ತಿಳಿಯಬಾರದು. ಗಂಟಲು ಕಟ್ಟಿದ ಕರುವೂ ಕೂಗುವುದಿಲ್ಲ, ಜ್ವರ ಬಂದ ಕರುವೂ ಕೂಗುವುದಿಲ್ಲ. ನಾನು ನಾಲ್ಕನೆಯ ದಿನದಿಂದ ಬೇರೆ ಮೂರು ಸಂಗತಿಗಳನ್ನು ನೋಡುತ್ತೇನೆ. ಮೇವು ಹಾಕಿದಾಗ ಎಲ್ಲವೂ ತೊಟ್ಟಿಗೆ ಬರುತ್ತವೆಯೇ, ಮಧ್ಯಾಹ್ನ ಗುಂಪಾಗಿ ಮಲಗಿ ಮೆಲುಕು ಹಾಕುತ್ತವೆಯೇ, ಸಂಜೆಯ ತಂಪಿನಲ್ಲಿ ಆಟ ಮರಳಿದೆಯೇ. ಆಟ ಕೊನೆಗೆ ಬರುವ ಲಕ್ಷಣ, ಆದ್ದರಿಂದಲೇ ಹೆಚ್ಚು ನಂಬತಕ್ಕದ್ದು. ಗುಂಪಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ತಲೆ ತಗ್ಗಿಸಿ, ಕಿವಿ ಜೋಲುಬಿಟ್ಟು ಒಂಟಿಯಾಗಿ ನಿಂತ ಕರುವನ್ನು ಅಂದೇ ಹಿಡಿದು ಜ್ವರ ನೋಡಿ. ದನ ಹಿಂಡಿನ ಪ್ರಾಣಿ. ಕಾರಣವಿಲ್ಲದೆ ಒಂಟಿಯಾಗಿ ನಿಲ್ಲುವುದು ಬಹಳ ಅಪರೂಪ.

ಕರುಗಳ ಜೊತೆ ಒಂದು ವಯಸ್ಸಾದ ಹಸುವನ್ನು ಬಿಟ್ಟರೆ ಅವು ಸುಮ್ಮನಾಗುತ್ತವಂತೆ, ಹೌದೇ?

ಈ ಉಪಾಯದ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಹೊಸ ಜಾಗದಲ್ಲಿ ಮೇವಿನ ತೊಟ್ಟಿ, ನೀರಿನ ತೊಟ್ಟಿ ಎಲ್ಲಿದೆ ಎಂದು ತಿಳಿಯದ ಕರುಗಳಿಗೆ ಅಲ್ಲಿ ಪಳಗಿದ ಹಸುವಿನಿಂದ ಸ್ವಲ್ಪ ಉಪಕಾರವಾದದ್ದು ಕೆಲವು ಕಡೆ ಕಂಡಿದೆ, ಇನ್ನು ಕೆಲವು ಕಡೆ ಯಾವ ವ್ಯತ್ಯಾಸವೂ ಕಂಡಿಲ್ಲ. ತಾಯಿಯ ಜಾಗವನ್ನು ಆ ಹಸು ತುಂಬುತ್ತಾಳೆ ಎಂದು ನಿರೀಕ್ಷಿಸಬೇಡಿ. ಅವಳಿಗೆ ಈ ಕರುಗಳ ಮೇಲೆ ಯಾವ ಮಮತೆಯೂ ಇರುವುದಿಲ್ಲ, ತೊಟ್ಟಿಯ ಬಳಿ ಮೊದಲು ತಳ್ಳುವವಳೂ ಅವಳೇ. ಆಕೆ ಕರುಗಳಿಗೆ ಮೊದಲೇ ಪರಿಚಿತಳಾಗಿದ್ದರೆ ಮಾತು ಬೇರೆ.

## ಗುಂಪಿನೊಳಗಿನ ನಡವಳಿಕೆ

ಎರಡು ಕರುಗಳು ಗೆಳೆಯರು ಎಂದು ಹೇಗೆ ಹೇಳುವುದು? ಪಕ್ಕದಲ್ಲಿ ನಿಂತರೆ ಸಾಕೇ?

ಒಮ್ಮೆ ಪಕ್ಕದಲ್ಲಿ ನಿಂತದ್ದರಿಂದ ಏನೂ ತಿಳಿಯದು. ನೆರಳಿಗೂ ನೀರಿಗೂ ಎಲ್ಲವೂ ಸೇರುತ್ತವೆ. ಮಲಗುವಾಗ ಪದೇ ಪದೇ ಅದೇ ಜೊತೆಯನ್ನು ಆರಿಸಿಕೊಳ್ಳುವುದು, ತೊಟ್ಟಿಯಲ್ಲಿ ಒಂದರ ಮೂತಿಯ ಪಕ್ಕ ಇನ್ನೊಂದು ಮೂತಿಯಿಟ್ಟರೂ ಗುಮ್ಮದೆ ಬಿಡುವುದು, ಮತ್ತು ನೆಕ್ಕುವುದು, ಇವು ಹೆಚ್ಚು ಭರವಸೆಯ ಗುರುತುಗಳು. ನೆಕ್ಕಿಸಿಕೊಳ್ಳಬೇಕೆನಿಸಿದ ಕರು ಇನ್ನೊಂದರ ಎದುರು ಬಂದು ತಲೆ ತಗ್ಗಿಸಿ, ಕತ್ತನ್ನು ಅದರ ಗದ್ದದ ಕೆಳಗೆ ಚಾಚುತ್ತದೆ. ಒಪ್ಪಿಗೆಯಾದರೆ ಇನ್ನೊಂದು ಕಿವಿಯ ಹಿಂಭಾಗ, ಕತ್ತಿನ ಮೇಲ್ಭಾಗ, ಭುಜದ ನಡುವೆ, ಅಂದರೆ ತನ್ನ ನಾಲಿಗೆಗೆ ತನಗೇ ಎಟುಕದ ಜಾಗಗಳನ್ನೇ, ಒರಟು ನಾಲಿಗೆಯಿಂದ ರೋಮ ಎದ್ದುನಿಲ್ಲುವಂತೆ ಉಜ್ಜುತ್ತದೆ. ನೆಕ್ಕಿಸಿಕೊಳ್ಳುವ ಕರುವಿನ ಕಣ್ಣು ಅರೆಮುಚ್ಚುತ್ತದೆ, ಕೆಳತುಟಿ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಅದರ ಹೃದಯದ ಬಡಿತ ನಿಧಾನವಾಗುವುದನ್ನೂ ಅಳೆದು ನೋಡಿದ್ದಾರೆ. ಬಂಧುಗಳ ನಡುವೆ, ಒಟ್ಟಿಗೆ ಬೆಳೆದವರ ನಡುವೆ ಈ ಉಪಚಾರ ಹೆಚ್ಚು. ಗುಂಪಿಗೆ ಹೊಸದಾಗಿ ಬಂದ ಕರುವಿಗೆ ಅದು ಬಹಳ ದಿನ ಸಿಗುವುದಿಲ್ಲ.

ಮೇಲು ಕೀಳು ಎಂಬುದು ಯಾವ ವಯಸ್ಸಿನಲ್ಲಿ ಶುರುವಾಗುತ್ತದೆ? ದೊಡ್ಡ ಕರುವೇ ಯಜಮಾನನೇ?

ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಆಟದ ತಳ್ಳಾಟವೇ ಸ್ವಲ್ಪ ಸ್ವಲ್ಪವಾಗಿ ಅರ್ಥ ಬದಲಿಸುತ್ತದೆ. ಮೊದಲು ಸೋತದ್ದು ಮರುಕ್ಷಣ ಮತ್ತೆ ಬಂದು ತಳ್ಳುತ್ತಿತ್ತು, ಈಗ ಸೋತದ್ದು ಮುಖ ತಿರುಗಿಸಿ ಹೋಗುತ್ತದೆ. ಮುಂದಿನ ಬಾರಿ ಆ ಕರು ಬರುವುದನ್ನು ಕಂಡೇ ಜಾಗ ಬಿಡುತ್ತದೆ. ಹೀಗೆ ಜೋಡಿ ಜೋಡಿಯಾಗಿ ತೀರ್ಮಾನಗಳಾಗುತ್ತವೆ. ಒಟ್ಟು ಚಿತ್ರ ಏಣಿಯಂತೆ ನೇರವಾಗಿರಬೇಕಿಲ್ಲ: ಕೆಂಪು ಕರು ಕಪ್ಪನ್ನು, ಕಪ್ಪು ಬಿಳಿಯನ್ನು, ಬಿಳಿ ಮತ್ತೆ ಕೆಂಪನ್ನು ಓಡಿಸುವುದೂ ಉಂಟು. ತೂಕ, ವಯಸ್ಸು, ಕೊಂಬು ಇವು ನೆರವಾಗುತ್ತವೆ, ಆದರೆ ಸ್ವಭಾವದ ಪಾಲೂ ಇದೆ. ಯಜಮಾನಿಕೆಯನ್ನೂ ಮುಂದಾಳುತನವನ್ನೂ ಒಂದೆಂದು ತಿಳಿಯುವುದು ಸಾಮಾನ್ಯ ತಪ್ಪು. ಹಿಂಡು ಹೊಸ ಹುಲ್ಲಿನತ್ತ ಹೊರಟಾಗ ಮೊದಲ ಹೆಜ್ಜೆಯಿಡುವ ಕರು, ತೊಟ್ಟಿಯ ಬಳಿ ಎಲ್ಲರನ್ನೂ ತಳ್ಳುವ ಕರು ಆಗಿರಬೇಕೆಂದೇನೂ ಇಲ್ಲ. ಮೆತ್ತಗಿನ ಕರುಗಳಿಗೂ ಮೇವು ದಕ್ಕಬೇಕಾದರೆ, ಹೊಸದಾಗಿ ಹಾಲು ಬಿಟ್ಟ ಕರುವೊಂದಕ್ಕೆ ತೊಟ್ಟಿಯಲ್ಲಿ ಕನಿಷ್ಠ 45 ಸೆಂಟಿಮೀಟರ್ ಜಾಗ ಬೇಕು.

ಬೇರೆ ಬೇರೆ ಹಿಂಡುಗಳ ಕರುಗಳನ್ನು ಹಾಲು ಬಿಡಿಸಿದ ದಿನವೇ ಒಂದುಗೂಡಿಸಿದರೆ ಕೆಲಸ ಮುಗಿಯುವುದಿಲ್ಲವೇ? ಹೇಗೂ ಒಂದು ಬಾರಿ ನೋವು ತಿನ್ನಬೇಕು.

ನಾನೂ ಒಂದು ವರ್ಷ ಹೀಗೆಯೇ ಲೆಕ್ಕ ಹಾಕಿದ್ದೆ. ಎರಡು ಹಿಂಡುಗಳ ಕರುಗಳನ್ನು ತಾಯಂದಿರಿಂದ ಬಿಡಿಸಿದ ಮಧ್ಯಾಹ್ನವೇ ಒಂದೇ ದೊಡ್ಡಿಗೆ ಹಾಕಿದೆ. ರಾತ್ರಿಯಿಡೀ ಎರಡು ಗುಂಪುಗಳು ದೊಡ್ಡಿಯ ಎರಡು ಮೂಲೆ ಹಿಡಿದು ಕೂಗಿದವು. ತೊಟ್ಟಿ ಇದ್ದ ಬದಿಯ ಗುಂಪು ಮೇಯ್ದಿತು, ಇನ್ನೊಂದು ಮರುದಿನ ಸಂಜೆಯವರೆಗೂ ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ಎರಡನೆಯ ವಾರ ಕೆಮ್ಮು ಶುರುವಾದದ್ದು ಆ ಗುಂಪಿನಲ್ಲೇ.

ಇದರ ಹಿಂದಿನ ಕಾರಣ ಸರಳ. ಅಪರಿಚಿತ ಕರುಗಳು ಸೇರಿದಾಗ ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಹೊಸದಾಗಿ ತೀರ್ಮಾನವಾಗಬೇಕು. ಅದರ ಬಹುಪಾಲು ಮೊದಲ ಒಂದೆರಡು ದಿನಗಳಲ್ಲಿ ನಡೆಯುತ್ತದೆ. ಅದೇ ಹೊತ್ತಿಗೆ ತಾಯಿಯ ಅಗಲಿಕೆಯಿಂದ ದೇಹದಲ್ಲಿ ಒತ್ತಡದ ಹಾರ್ಮೋನು ಏರಿ ರೋಗನಿರೋಧಕ ಶಕ್ತಿ ಕುಂದಿರುತ್ತದೆ, ಒಂದು ಹಿಂಡಿನ ರೋಗಾಣು ಇನ್ನೊಂದಕ್ಕೆ ದಾಟುತ್ತದೆ. ಮೂಗು ಗಂಟಲಿನಲ್ಲಿ ಸುಮ್ಮನಿದ್ದ ಮ್ಯಾನ್ಹೀಮಿಯಾ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕಿಳಿದು ಉಸಿರಾಟದ ಕಾಯಿಲೆ ಏಳುವುದು ಇಂಥ ಹೊತ್ತಿನಲ್ಲೇ. ಹಾಲು ಬಿಡಿಸಿದ ಮೇಲೆ 45 ದಿನ ಅದೇ ಜಾಗದಲ್ಲಿ, ಅದೇ ಗುಂಪಿನಲ್ಲಿ ಇಟ್ಟು, ಲಸಿಕೆ ಹಾಕಿಸಿ, ತೊಟ್ಟಿ ಮೇವಿಗೆ ಒಗ್ಗಿಸಿ ಆಮೇಲೆ ಮಾರುವ ಪದ್ಧತಿ ಬಂದದ್ದು ಈ ಕಾರಣಕ್ಕೇ. ನೋವು ಒಮ್ಮೆಗೇ ಮುಗಿಯಲಿ ಎಂಬ ಲೆಕ್ಕ ತಪ್ಪುವುದು ಇಲ್ಲಿ. ತಾಯಿಯನ್ನು ಕಳೆದುಕೊಂಡ ದಿನ ಕರುವಿನ ಬಳಿ ಉಳಿದಿರುವುದು ಪರಿಚಿತ ಜೊತೆಗಾರರು ಮತ್ತು ಪರಿಚಿತ ಹುಲ್ಲುಗಾವಲು. ಆ ದಿನ ಅವನ್ನೂ ಕಸಿದುಕೊಳ್ಳಬಾರದು. ಹಸುಗಳನ್ನು ಹೊರಗೆ ಕಳಿಸಿ ಕರುಗಳನ್ನು ಇದ್ದಲ್ಲೇ ಬಿಡುವುದು ಸಾಧ್ಯವಾದರೆ, ಮೂಗಿನ ತಟ್ಟೆಗಿಂತಲೂ ಅಗ್ಗದ ಉಪಾಯ ಅದೇ.

ಗುಂಪಿಗೆ ಒಂದೇ ಒಂದು ಕರುವನ್ನು ಸೇರಿಸಬೇಕಾಗಿ ಬಂದರೆ?

ಒಂದನ್ನೇ ಸೇರಿಸಬೇಡಿ, ಅದರ ಪರಿಚಯದ ಇನ್ನೊಂದನ್ನು ಜೊತೆಗೆ ಕಳಿಸಿ. ಇಕ್ಕಟ್ಟಾದ ದೊಡ್ಡಿಯಲ್ಲಿ ಅಲ್ಲ, ತಪ್ಪಿಸಿಕೊಳ್ಳಲು ಜಾಗವಿರುವ ಬಯಲಿನಲ್ಲಿ, ಎಲ್ಲವೂ ಮೇಯ್ದು ತಣಿದಿರುವ ಹೊತ್ತಿನಲ್ಲಿ ಬಿಡಿ.

ಬೀಜ ಒಡೆದ ಒಂದು ಹೋರಿಯ ಮೇಲೆ ಉಳಿದವೆಲ್ಲ ಬಿಡದೆ ಹತ್ತುತ್ತಿವೆ. ಇದೇನು, ಏನು ಮಾಡಲಿ?

ಅದನ್ನು ಈಗಲೇ ಹೊರಗೆ ತೆಗೆಯಿರಿ, ಉತ್ತರವನ್ನು ಆಮೇಲೆ ಓದಿ. ದೊಡ್ಡ ಕೊಬ್ಬಿಸುವ ದೊಡ್ಡಿಗಳಲ್ಲಿ ನೂರಕ್ಕೆ ಎರಡು ಮೂರು ಹೋರಿಗಳು ಹೀಗೆ ಉಳಿದವುಗಳ ಗುರಿಯಾಗುವುದುಂಟು. ಬೆನ್ನಿನ ಕೊನೆಯ ರೋಮ ಉದುರುತ್ತದೆ, ಬಾಲದ ಬುಡ ಊದುತ್ತದೆ, ಕಾಲು ಮುರಿದು ಸಾಯುವುದೂ ಇದೆ. ಗುಂಪು ದೊಡ್ಡದಾದಷ್ಟು, ಗುಂಪುಗಳನ್ನು ಬೆರೆಸಿದಷ್ಟು, ಬೆಳವಣಿಗೆಗೆ ಹಾರ್ಮೋನು ಗುಳಿಗೆ ಇಟ್ಟಾಗ ಇದು ಹೆಚ್ಚು. ಕರುಗಳ ಆಟದ ಹತ್ತಾಟಕ್ಕೂ ಇದಕ್ಕೂ ವ್ಯತ್ಯಾಸ ಸ್ಪಷ್ಟ: ಆಟದಲ್ಲಿ ಪಾತ್ರಗಳು ಬದಲಾಗುತ್ತವೆ, ಇಲ್ಲಿ ಕೆಳಗಿರುವುದು ಯಾವಾಗಲೂ ಅದೇ ಹೋರಿ.

ಹೋರಿಗರು ಹೆಣ್ಣುಗರುಗಳು ಒಟ್ಟಿಗೇ ಬೆಳೆದಿವೆ. ಗೆಳೆತನ ಮುರಿಯಬಾರದೆಂದು ಹಾಗೆಯೇ ಬಿಡಬಹುದೇ?

ಬೀಜ ಒಡೆದಿದ್ದರೆ ಬಿಡಬಹುದು. ಇಲ್ಲವಾದರೆ ಏಳೆಂಟು ತಿಂಗಳಿಗೇ ಬೇರೆ ಮಾಡಿ. ಯುರೋಪ್ ಮೂಲದ ತಳಿಗಳ ಹೋರಿಗಳು 9ರಿಂದ 12 ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ, ಕೆಲವು ಮಣಕಗಳು ವರ್ಷ ತುಂಬುವ ಮೊದಲೇ ಬೆದೆಗೆ ಬರುತ್ತವೆ. ಮೈ ಬಲಿಯದ ಮಣಕ ಗಬ್ಬವಾದರೆ ಈಯುವಾಗ ಜೀವಕ್ಕೇ ಅಪಾಯ. ಗುಂಪು ಒಡೆಯುವುದು ಅನಿವಾರ್ಯವಾದಾಗ, ಹಾಲು ಬಿಡಿಸುವ ದಿನಕ್ಕಿಂತ ಎರಡು ಮೂರು ವಾರ ಆಚೀಚೆ ಒಡೆಯುವುದು ಮೇಲು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಎಳವೆಯ ಗೆಳೆತನ ದೊಡ್ಡವಾದ ಮೇಲೂ ಉಳಿಯುತ್ತದೆಯೇ?

ಉಳಿಯುತ್ತದೆ, ಆದರೆ ಅದಕ್ಕೊಂದು ಕಾಲಮಿತಿಯಿದೆ. ಫ್ರಾನ್ಸಿನಲ್ಲಿ ಮಾರಿ-ಫ್ರಾನ್ಸ್ ಬುಯಿಸು ಅವರು 1970ರ ದಶಕದಲ್ಲಿ ಮಣಕಗಳ ಮೇಲೆ ನಡೆಸಿದ ಕೆಲಸದ ಸಾರ ಇದು: ಮೊದಲ ಆರು ತಿಂಗಳು ಒಟ್ಟಿಗೆ ಬೆಳೆದ ಹೆಣ್ಣುಗರುಗಳ ನಡುವೆ ವಿಶೇಷ ಬಂಧ ಬೆಳೆದು ಮುಂದೆಯೂ ಉಳಿಯುತ್ತದೆ, ವರ್ಷದ ಆಸುಪಾಸಿನಲ್ಲಿ ಮೊದಲ ಬಾರಿ ಸೇರಿದವುಗಳ ನಡುವೆ ಆ ಬಗೆಯ ಬಂಧ ಬೆಳೆಯುವುದು ಕಷ್ಟ. ಒಟ್ಟಿಗೆ ಬೆಳೆದ ಜೋಡಿಯಲ್ಲೂ ಮೇಲು ಕೀಳು ಇರುತ್ತದೆ, ಆದರೆ ಮೇಲಿನದು ತನ್ನ ತೊಟ್ಟಿಯಲ್ಲಿ ಕೆಳಗಿನದಕ್ಕೆ ಬಾಯಿ ಹಾಕಗೊಡುತ್ತದೆ. ಹಾಲು ಬಿಡಿಸುವ ವಯಸ್ಸು ಈ ಕಾಲಮಿತಿ ಮುಗಿಯುವ ಅಂಚಿನಲ್ಲೇ ಬರುತ್ತದೆ ಎಂಬುದನ್ನು ಗಮನಿಸಿದರೆ, ಆ ಹೊತ್ತಿನಲ್ಲಿ ಒಡೆದ ಜೋಡಿಗೆ ಬದಲಿ ಸಿಗುವುದು ಏಕೆ ಕಷ್ಟ ಎಂಬುದು ತಿಳಿಯುತ್ತದೆ.

ಮಣಕವನ್ನು ಕೆಲವು ತಿಂಗಳ ಬಳಿಕ ತಾಯಿ ಇರುವ ಹಿಂಡಿಗೇ ಬಿಟ್ಟರೆ ಒಂದನ್ನೊಂದು ಗುರುತಿಸುತ್ತವೆಯೇ?

ಕೆಲವೇ ವಾರಗಳ ಅಂತರವಾದರೆ ಗುರುತಿಸುವುದು ಮಾತ್ರವಲ್ಲ, ಹಾಲಿರುವ ತಾಯಿಯ ಬಳಿ ಮತ್ತೆ ಮೊಲೆಗೆ ಬಾಯಿ ಹಾಕುವ ಕರುಗಳೂ ಇವೆ. ಮುಂದಿನ ಕರುವಿಗೆ ಗಿಣ್ಣುಹಾಲು ಉಳಿಯಬೇಕಾದ್ದರಿಂದ ಇದು ನಿಜವಾದ ತೊಂದರೆಯೇ. ಬೇರ್ಪಡಿಸದೆ ಬಿಟ್ಟ ಹಿಂಡುಗಳಲ್ಲಿ ತಾಯಿ ಮರಳಿ ಈದ ನಂತರವೂ ಹಿರಿಯ ಮಗಳು ಅವಳ ಹತ್ತಿರದಲ್ಲೇ ಮೇಯುವುದನ್ನು, ಅವಳಿಂದ ನೆಕ್ಕಿಸಿಕೊಳ್ಳುವುದನ್ನು ಝೀಬೂ ಹಿಂಡಿನಲ್ಲೂ ಸಾಲೇರ್ಸ್ ಹಿಂಡಿನಲ್ಲೂ ಕಂಡಿದ್ದಾರೆ. ಹಾಲಿನ ನಂಟು ಮುಗಿದ ಮೇಲೂ ತಾಯಿಯ ನಂಟು ಮುಂದುವರಿಯುತ್ತದೆ.

ನನ್ನ ಹಿಂಡಿನಲ್ಲಿ ಯಾರಿಗೆ ಯಾರು ಜೊತೆ ಎಂದು ನಾನೇ ದಾಖಲಿಸಬೇಕೆಂದರೆ ಹೇಗೆ ತೊಡಗಲಿ?

ಒಂದು ನೋಟುಪುಸ್ತಕ, ಒಂದು ಗಡಿಯಾರ, ದೂರದಿಂದ ಓದಬಲ್ಲ ಕಿವಿಯೋಲೆಗಳು ಸಾಕು. ಹಾಲು ಬಿಡಿಸುವ ಎರಡು ವಾರ ಮೊದಲೇ ತೊಡಗಿ, ಬಿಡಿಸಿದ ಎರಡು ವಾರಗಳವರೆಗೆ ಮುಂದುವರಿಸಿ. ದಿನಕ್ಕೆ ಎರಡು ಗಂಟೆ, ಪ್ರತಿ 10 ನಿಮಿಷಕ್ಕೊಮ್ಮೆ ಹಿಂಡನ್ನು ಒಂದು ಬದಿಯಿಂದ ನೋಡುತ್ತ ಬಂದು, ಪ್ರತಿ ಕರುವಿಗೆ ಅತಿ ಹತ್ತಿರವಿರುವ ಕರು ಯಾವುದು, ಅವು ಏನು ಮಾಡುತ್ತಿವೆ ಎಂದು ಬರೆದುಕೊಳ್ಳಿ. ಮಲಗಿದಾಗಿನ ಲೆಕ್ಕವನ್ನೂ ಮೇಯುವಾಗಿನ ಲೆಕ್ಕವನ್ನೂ ಬೇರೆ ಬೇರೆ ಇಡಿ. 20 ಕರುಗಳ ಹಿಂಡಿನಲ್ಲಿ ಯಾವುದೇ ಒಂದು ಕರು ಇನ್ನೊಂದರ ಅತಿ ಹತ್ತಿರದ ಜೊತೆಯಾಗುವುದು ಬರೀ ಆಕಸ್ಮಿಕವಾದರೆ 19ರಲ್ಲಿ ಒಮ್ಮೆ, ಅಂದರೆ ನೂರಕ್ಕೆ ಐದು ಬಾರಿ. ಅದೇ ಜೋಡಿ ನೂರಕ್ಕೆ ಇಪ್ಪತ್ತು ಮೂವತ್ತು ಬಾರಿ ಬಂದರೆ ಅಲ್ಲಿ ಆಕಸ್ಮಿಕ ಮೀರಿದ್ದೇನೋ ಇದೆ. ಈಗ ಕತ್ತಿನ ಪಟ್ಟಿಗೆ ಕಟ್ಟುವ, ಎರಡು ಪ್ರಾಣಿಗಳು ಹತ್ತಿರ ಬಂದ ಸಮಯವನ್ನು ತಾವೇ ದಾಖಲಿಸುವ ಉಪಕರಣಗಳೂ ಇವೆ. ಅವು ರಾತ್ರಿಯ ಲೆಕ್ಕವನ್ನೂ ಕೊಡುತ್ತವೆ, ಆದರೆ ನೆಕ್ಕುತ್ತಿತ್ತೋ ಗುಮ್ಮುತ್ತಿತ್ತೋ ಎಂಬುದನ್ನು ಹೇಳಲಾರವು. ಗಾಳಿಮಳೆಯ ದಿನಗಳ ಪುಟಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಅಂದು ಎಲ್ಲ ಕರುಗಳೂ ಗಾಳಿಗೆ ಬೆನ್ನು ಕೊಟ್ಟು ಒಂದೇ ಮುದ್ದೆಯಾಗಿ ನಿಂತಿರುತ್ತವೆ, ಪುಸ್ತಕದಲ್ಲಿ ಎಲ್ಲರೂ ಎಲ್ಲರಿಗೂ ಗೆಳೆಯರಾಗಿಬಿಡುತ್ತಾರೆ.